ಗಿಡ ಬೇಡ, ಮರ ಮಾತ್ರ

ಮಹಾವೀರರಿಗೆಲ್ಲ ಒಂದೊಂದು ಆಯುಧ ಇರುತ್ತದೆ. ಕಾಂದಿವಲಿ ಪೂರ್ವದ ಮೌಲಾಲಿಯವರಿಗೆ ಇದ್ದದ್ದು ಮೂಗು. ನೋಡುವುದಕ್ಕೆ ಅದು ಅಂಥ ಮೂಗೇನಲ್ಲ. ನಡುವೆ ಸ್ವಲ್ಪ ತಗ್ಗು, ತುದಿಯಲ್ಲಿ ಗುಂಡು ಬದನೆಕಾಯಿಯ ಅಗಲ. ಮುಖದ ಉಳಿದ ಭಾಗಗಳನ್ನು ಒಂದು ಮಾತೂ ಕೇಳದೆ ತನ್ನಷ್ಟಕ್ಕೆ ಬೆಳೆದುಕೊಂಡಂತೆ ಕಾಣುತ್ತಿತ್ತು. ಆದರೆ ಕಟ್ಟಿಗೆಯ ಒಂದು ಹೊಟ್ಟನ್ನು ಅದರ ಹತ್ತಿರ ಹಿಡಿದರೆ ಸಾಕು, ಅದು ಸಾಗವಾನಿಯೋ ಮತ್ತಿಯೋ ಬೀಟೆಯೋ, ಮಳೆಗೆ ನೆನೆದದ್ದೋ ಬಿಸಿಲಿಗೆ ಒಣಗಿದ್ದೋ, ಎಲ್ಲವನ್ನೂ ಬಾಯಿಗಿಂತ ಮೊದಲು ಮೂಗು ಹೇಳಿಬಿಡುತ್ತಿತ್ತು.

ಈ ಮೂಗು ಹುಟ್ಟಿದ್ದು ರೋಣದ ಕಡೆಯ ಒಂದು ಎರೆಭೂಮಿಯ ಹಳ್ಳಿಯಲ್ಲಿ. ಅಲ್ಲಿ ದಿಗಂತದವರೆಗೆ ನೆಲವೇ ನೆಲ. ನೆರಳು ಬೇಕೆಂದರೆ ಒಂದು ಬೇವು, ನಾಲ್ಕು ಜಾಲಿ, ಅಷ್ಟೇ. ಹದಿನಾಲ್ಕನೆಯ ವಯಸ್ಸಿಗೆ ಚಿಕ್ಕಪ್ಪನ ಕೈ ಹಿಡಿದು ಮುಂಬಯಿಗೆ ಬಂದ ಮೌಲಾಲಿ ರೇ ರೋಡಿನ ಒಂದು ಸಾ ಮಿಲ್ಲಿಗೆ ಸೇರಿದರು. ಕೆಲಸ ಅಲ್ಲೇ, ಊಟ ಅಲ್ಲೇ, ಮಲಗುವುದು ಗರಗಸದ ಹೊಟ್ಟಿನ ಗುಡ್ಡೆಯ ಮೇಲೆ. ಅಂದು ಕೊಯ್ದದ್ದು ಯಾವ ಕಟ್ಟಿಗೆಯೋ ಅದರದೇ ಹಾಸಿಗೆ. ಬೀಟೆಯ ದಿನ ಅತ್ತರು ಪೂಸಿಕೊಂಡ ನವಾಬನಂತೆ ನಿದ್ದೆ, ಮತ್ತಿಯ ದಿನ ಮೈಯೆಲ್ಲ ತುರಿಕೆ. ಹೀಗೆ ಮಲಗಿ ಮಲಗಿಯೇ ಅವರ ವಿದ್ಯಾಭ್ಯಾಸ ಮುಗಿಯಿತು. ಆಮೇಲೆ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ, ಕಚ್ಛೀ ಶೇಠ್ ಒಬ್ಬರ ಫರ್ನಿಚರ್ ಕಾರ್ಖಾನೆಗೆ ಬಂದರು. ಒಟ್ಟು ನಲವತ್ತೆಂಟು ವರ್ಷ ಕಟ್ಟಿಗೆಯ ನಡುವೆ ಕಳೆದರು.

ಕಾರ್ಖಾನೆಯ ಗಿರಾಕಿಗಳಲ್ಲಿ ಹೆಚ್ಚಿನವರು ಉಡುಪಿ, ಮಂಗಳೂರು ಕಡೆಯ ಹೋಟೆಲಿನವರು. ಅವರ ಪೈಕಿ ಸುಹಾಸ ಶೆಟ್ಟರು ಒಮ್ಮೆ ತಮ್ಮ ಹೋಟೆಲಿಗೆಂದು ಬೇರೆ ಯಾರೋ ಮಾರಿದ ‘ಅಸಲಿ ಸಾಗವಾನಿ’ ಮೇಜೊಂದನ್ನು ತಂದು ತೋರಿಸಿದರು. ಮೌಲಾಲಿಯವರು ಮೇಜಿನ ಅಡಿಗೆ ತೂರಿ, ಉಳಿಯಿಂದ ಒಂದು ಎಳೆ ಎಬ್ಬಿಸಿ, ಮೂಸಿ ಹೊರಬಂದರು.

“ಶೆಟ್ರೇ, ಇದು ಸಾಗವಾನಿ ಅಲ್ಲ. ಸಾಗವಾನಿ ಮನಿ ಮುಂದ ಹಾದು ಹೋಗಿದ್ದು.”

ಅವತ್ತಿನಿಂದ ಶೆಟ್ಟರು ಅವರನ್ನು ‘ಮರದ ಹಕೀಮರು’ ಎಂದು ಕರೆದರು. ಹೆಸರು ಎಸ್ಟೇಟಿನ ತುಂಬ ಹಬ್ಬಿ, ಅವರ ಮನೆಯಿದ್ದ ಗುಡ್ಡದ ಬುಡದ ಚಾಳಿಗೂ ಬಂತು. ಚಾಳಿನಲ್ಲಿ ಬಾಗಿಲು ಕಿರುಗುಟ್ಟಿದರೂ, ಮಂಚಕ್ಕೆ ಹುಳು ಹತ್ತಿದರೂ ಹಕೀಮರಿಗೆ ಕರೆ ಹೋಗುತ್ತಿತ್ತು.

ಆದರೆ ಯಾವ ಸಾಮ್ರಾಜ್ಯ ತಾನೇ ಕೊನೆಯವರೆಗೆ ಉಳಿದೀತು? ಪ್ಲೈವುಡ್ ದಂಡೆತ್ತಿ ಬಂತು. ಎಲ್ಲ ಹಲಗೆಗಳಿಗೂ ಒಂದೇ ವಾಸನೆ, ಗೋಂದಿನದು. ಮೂಗಿಗೆ ಕೆಲಸವೇ ಇಲ್ಲದಾಯಿತು. ಅರವತ್ತೆರಡಕ್ಕೆ ಮೌಲಾಲಿ ಮನೆಯಲ್ಲಿ ಕೂತರು. ಸೀರೆಗಳಿಗೆ ಫಾಲ್ ಹಚ್ಚುವ ಹೆಂಡತಿ ದೌಲತಬಿಯ ಹೊಲಿಗೆ ಮಿಷಿನ್ನಿನ ಮೇಜನ್ನು ವಾರಕ್ಕೊಮ್ಮೆ ಎಣ್ಣೆ ಹಾಕಿ ಒರೆಸಿದರು. ಶೆಟ್ಟರ ಹೋಟೆಲಿಗೆ ಹೋಗಿ ಚಹಾ ಕುಡಿದರು. ಹೀಗೆ ನಾಲ್ಕು ವರ್ಷ ಕಳೆಯಿತು. ಈಗ ಅವರ ಬಳಿ ಉಳಿದ ಆಸ್ತಿ ಒಂದೇ, ‘ಹಕೀಮರು’ ಎಂಬ ಆ ಹೆಸರು.

ಅದನ್ನು ಪಣಕ್ಕಿಟ್ಟವಳು ಶೆಟ್ಟರ ಮಗಳು ಶ್ರಾವ್ಯಾ.

ಆಕೆ ವಿಲೆ ಪಾರ್ಲೆಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುವವಳು. ಮನೆಯಲ್ಲಿ ತುಳು, ಕ್ಲಾಸಿನಲ್ಲಿ ಇಂಗ್ಲಿಷ್, ರಿಕ್ಷಾದವರ ಜೊತೆ ಹಿಂದಿ. ಕನ್ನಡ ಮಾತ್ರ ಅಜ್ಜಿಯಿಂದ ಬಂದ ಒಡವೆಯಂತೆ ಅಪರೂಪಕ್ಕೆ ಹೊರಗೆ ಬರುತ್ತಿತ್ತು. ಚಾಳಿನ ಹಿಂದಿನ ಗುಡ್ಡ, ಎಲ್ಲರೂ ‘ಟೇಕಡಿ’ ಎನ್ನುವುದು, ಅಲ್ಲಿ ಜನ ನಡೆದು ಮರಗಿಡ ನೋಡುವಂಥ ಒಂದು ಕಾಲುದಾರಿ, ಅಂದರೆ ನೇಚರ್ ಟ್ರೇಲ್, ಮಾಡುವುದೆಂದು ಕಾಲೇಜಿನಲ್ಲಿ ತೀರ್ಮಾನವಾಗಿತ್ತು. ಅದಕ್ಕೆ ಮೊದಲು ಅಲ್ಲಿ ಯಾವ ಯಾವ ಜಾತಿಯ ಮರಗಳಿವೆ, ಎಷ್ಟೆಷ್ಟಿವೆ ಎಂದು ಎಣಿಸಬೇಕು. ಆ ಕೆಲಸ ಶ್ರಾವ್ಯಾಳ ಪಾಲಿಗೆ ಬಂತು. ಮಾರ್ಚ್ ಮುಗಿಯುವುದರೊಳಗೆ ಪಟ್ಟಿ ಕೊಡಬೇಕು. “ಊರಿನವರು ಯಾರಾದರೂ ಮರ ಬಲ್ಲವರು ಇದ್ದಾರಾ ಪಪ್ಪಾ?” ಎಂದು ಕೇಳಿದಳು. ಶೆಟ್ಟರು ಗಲ್ಲಾದಿಂದ ಏಳದೆಯೇ ಮೂಲೆಯ ಮೇಜಿನತ್ತ ಕೈ ತೋರಿಸಿದರು. “ಹಕೀಮರೇ ಇದ್ದಾರಲ್ಲ ಮಾರಾಯ್ತಿ.”

ಅಲ್ಲಿ, ಬನ್ನು ಮಸ್ಕಾ ಮತ್ತು ಚಹಾದ ಸಾಕ್ಷಿಯಲ್ಲಿ, ಈ ಐತಿಹಾಸಿಕ ಒಪ್ಪಂದ ನಡೆಯಿತು.

“ಅಂಕಲ್, ನಿಮಗೆ ಮರ ಎಲ್ಲ ಗೊತ್ತುಂಟಂತೆ, ಹೌದಾ?”

“ಮರಾ? ಅದರಾಗ ನಲವತ್ತೆಂಟು ವರ್ಷ ತಗದೀನಿ ಬೇಟಿ.”

“ಸೂಪರ್! ಟೇಕಡಿ ಮೇಲೆ ತುಂಬ ಉಂಟು. ಒಂದೊಂದನ್ನೂ ನೋಡಿ ಹೆಸರು ಹೇಳ್ಬೇಕು, ನಾವು ಬರ್ಕೊಳ್ತೇವೆ.”

ಮೌಲಾಲಿ ಸ್ವಲ್ಪ ಯೋಚಿಸಿದರು. ಪ್ರಾಮಾಣಿಕ ಮನುಷ್ಯ. “ನೋಡವ್ವಾ, ಮೊದಲ ಹೇಳಿಬಿಡ್ತೀನಿ. ನನಗ ಗಿಡ ಏನೂ ತಿಳಿಯಂಗಿಲ್ಲ.”

“ಗಿಡ ಬೇಡ ಅಂಕಲ್! ಗಿಡ ನಾವು ಲಿಸ್ಟ್‌ನಲ್ಲಿ ತಗೊಳ್ಳುವುದೇ ಇಲ್ಲ. ಮರ ಮಾತ್ರ.”

“ಹಂಗಾದ್ರ ಆತು ಬಿಡು!”

ಇಬ್ಬರೂ ಕೈ ಕುಲುಕಿದರು. ಇಬ್ಬರೂ ಕನ್ನಡವನ್ನೇ ಆಡಿದ್ದರು. ತೊಂದರೆ ಆದದ್ದೇ ಅದರಿಂದ. ಶ್ರಾವ್ಯಾಳ ಕರಾವಳಿಯಲ್ಲಿ ಗಿಡವೆಂದರೆ ಸೊಂಟದೆತ್ತರದ ದಾಸವಾಳ, ಮರವೆಂದರೆ ಆಕಾಶಕ್ಕೆ ಬೆಳೆದದ್ದು. ಮೌಲಾಲಿಯವರ ರೋಣದಲ್ಲಿ ತುಳಸಿಯೂ ಗಿಡ, ಬೇವೂ ಗಿಡ, ನೂರು ಜನಕ್ಕೆ ನೆರಳು ಕೊಡುವ ಆಲವೂ ಗಿಡವೇ. ‘ಮರ’ ಎಂಬ ಮಾತನ್ನು ಅವರು ಕಲಿತದ್ದು ಮುಂಬಯಿಯಲ್ಲಿ, ಹೋಟೆಲಿನ ಶೆಟ್ಟರುಗಳ ಬಾಯಿಂದ: “ಮೇಜಿಗೆ ಒಳ್ಳೆ ಮರ ಹಾಕಿ”, “ಕುರ್ಚಿಯ ಕಾಲು ಯಾವ ಮರದ್ದು?” ಎಂದು. ಹಾಗಾಗಿ ಅವರ ಲೆಕ್ಕದಲ್ಲಿ ಮರವೆಂದರೆ ಕೊಯ್ದ ಕಟ್ಟಿಗೆ. ಟೇಕಡಿಯ ಮೇಲೆ ಯಾರೋ ದಿಮ್ಮಿಗಳನ್ನು ಪೇರಿಸಿಟ್ಟಿದ್ದಾರೆ, ಅವುಗಳ ಜಾತಿ ಹೇಳಲು ಕಾಲೇಜು ತಮ್ಮನ್ನು ನೇಮಿಸಿದೆ ಎಂದು ತಿಳಿದು ಅವರು ಎದೆ ಉಬ್ಬಿಸಿಕೊಂಡು ಮನೆಗೆ ಬಂದರು. ದೌಲತಬಿಗೆ ಹೇಳಿದರು. ದೌಲತಬಿಗೆ ಹೇಳುವುದೂ ಚಾಳಿನ ಮೈಕಿನಲ್ಲಿ ಹೇಳುವುದೂ ಒಂದೇ.

ಫೆಬ್ರವರಿಯ ಕೊನೆಯ ಭಾನುವಾರ ಬೆಳಿಗ್ಗೆ ಏಳಕ್ಕೆ ಹಕೀಮರು ದಂಡಯಾತ್ರೆಗೆ ಹೊರಟರು. ಇಸ್ತ್ರಿ ಮಾಡಿದ ಬಿಳಿ ಜುಬ್ಬ, ಈದಿಗೆ ಹಾಕುವ ಟೋಪಿ, ಜೇಬಿನಲ್ಲಿ ಮಸೆದ ಉಳಿ. ಚಾಳಿನ ಹೆಂಗಸರು ನಲ್ಲಿಯ ಹತ್ತಿರ ಕೊಡ ಬಿಟ್ಟು ನೋಡಿದರು. ಮೂವತ್ತು ವರ್ಷ ಆ ಗುಡ್ಡದ ಬುಡದಲ್ಲಿದ್ದರೂ ಹಕೀಮರು ಒಮ್ಮೆಯೂ ಅದನ್ನು ಹತ್ತಿದವರಲ್ಲ. ಬೆಳಿಗ್ಗೆ ಎದ್ದರೆ ಕಾರ್ಖಾನೆ, ಸಂಜೆಯಾದರೆ ಮನೆ. ಗುಡ್ಡವೆಂದರೆ ಮನೆಯ ಹಿಂಗೋಡೆ, ಆಗಾಗ ಚಿರತೆ ಬಂದು ನಾಯಿ ಹಿಡಿಯುವ ಜಾಗ, ಅಷ್ಟೇ.

ಮೇಲೆ ತೊರೆಯ ಪಕ್ಕದಲ್ಲಿ ಶ್ರಾವ್ಯಾ ಕಾಯುತ್ತಿದ್ದಳು. ಜೊತೆಗೆ ಅಮೋಲ್ ಎಂಬ ಸ್ವಯಂಸೇವಕ. ಎದುರಿನ ಟವರಿನಲ್ಲಿ ಇಪ್ಪತ್ತೆರಡನೆಯ ಮಹಡಿಯ ನಿವಾಸಿ, ಬ್ಯಾಂಕ್ ಮ್ಯಾನೇಜರ್. ತಲೆಗೆ ಅಗಲ ಟೋಪಿ, ಕೈಗೆ ಬೆತ್ತ, ಹನ್ನೆರಡು ಜೇಬಿನ ಪ್ಯಾಂಟು, ಮೊಬೈಲಿನಲ್ಲಿ ಎಲೆಯ ಫೋಟೋ ತೆಗೆದರೆ ಜಾತಿ ಹೇಳುವ ಆ್ಯಪ್. ಹಿಮಾಲಯವನ್ನೇ ಏರಬಲ್ಲ ಸಜ್ಜು. ಏರಬೇಕಾಗಿದ್ದದ್ದು ಮಾತ್ರ ಹತ್ತು ನಿಮಿಷದ ದಿಣ್ಣೆ. ಹಗ್ಗ ಕಟ್ಟಿ ಹತ್ತು ಮೀಟರಿನ ಚೌಕ ಮಾಡುವುದು, ಒಳಗಿನ ಪ್ರತಿ ಮರಕ್ಕೂ ಸುಣ್ಣದ ಕಡ್ಡಿಯಲ್ಲಿ ನಂಬರು ಬರೆಯುವುದು, ಎದೆಮಟ್ಟದಲ್ಲಿ ಟೇಪು ಸುತ್ತಿ ಅಳೆಯುವುದು, ಹೆಸರು ದಾಖಲಿಸುವುದು, ಇದು ಕ್ರಮ.

“ಮರ ಎಲ್ಲಿ ಒಟ್ಟೀರಿ?” ಎಂದು ಮೌಲಾಲಿ ಸುತ್ತಲೂ ದಿಮ್ಮಿಗಳಿಗಾಗಿ ಹುಡುಕಿದರು.

ಅಮೋಲ್ ಒಂದು ಕಾಂಡವನ್ನು ತಟ್ಟಿದ. “ಚಾಚಾ, ಯಹಾಂ ಸೇ ಶುರು. ಯೇ ಕೌನ್‌ಸಾ ಝಾಡ್ ಹೈ?”

ಝಾಡ್. ರೋಣದವರು ‘ಗಿಡ’ ಎನ್ನುವುದಕ್ಕೆ ಹಿಂದಿಯ ಆ ಒಂದು ಪದ ಬಿದ್ದದ್ದೇ ತಡ, ಶೆಟ್ಟರ ಹೋಟೆಲಿನ ಒಪ್ಪಂದ ಪೂರ್ತಿ ಕುಸಿದುಬಿತ್ತು. ಮೌಲಾಲಿ ಮೆಲ್ಲಗೆ ಕತ್ತೆತ್ತಿದರು. ಮೇಲೆ ಸಾವಿರಾರು ಎಲೆಗಳು. ಎಲ್ಲ ಹಸಿರು. ಎಲ್ಲ ಒಂದೇ ಥರ. ನಲವತ್ತೆಂಟು ವರ್ಷ ಅವರು ಕಂಡದ್ದು ತೊಗಟೆ ಸುಲಿದ, ಕೈಕಾಲು ಕಡಿದ, ಉದ್ದಕ್ಕೆ ಮಲಗಿದ ದೇಹಗಳನ್ನು. ಇವು ಎದ್ದು ನಿಂತಿದ್ದವು. ಗಾಳಿಗೆ ಅಲುಗಾಡುತ್ತಿದ್ದವು. ಯಾವುದು ಯಾರು?

ಅಲ್ಲೇ ‘ಗೊತ್ತಿಲ್ಲ’ ಎಂದುಬಿಟ್ಟಿದ್ದರೆ ಈ ಕಥೆ ಒಂದು ಚಹಾದಲ್ಲಿ ಮುಗಿಯುತ್ತಿತ್ತು. ಆದರೆ ಹಿಂದೆ ಚಾಳು ಇತ್ತು, ನಲ್ಲಿಯ ಹತ್ತಿರದ ಹೆಂಗಸರಿದ್ದರು, ದೌಲತಬಿ ಇದ್ದಳು. ಹಕೀಮರು ಗಂಟಲು ಸರಿಮಾಡಿಕೊಂಡು, “ಬೀಟಿ” ಎಂದರು.

ಅಮೋಲ್ ಎಲೆಯ ಫೋಟೋ ತೆಗೆದ. “ಜಾಮೂನ್ ಹೈ ಚಾಚಾ! ಜೂನ್ ಮೇಂ ಆಪ್ ಭೀ ತೋ ಖಾತೇ ಹೋಂಗೇ.”

ನೇರಳೆ. ಪ್ರತಿ ವರ್ಷ ಸ್ಟೇಷನ್ನಿನ ಹೊರಗೆ ಕೈಗಾಡಿಯಿಂದ ಕೊಂಡು, ಉಪ್ಪು ಹಚ್ಚಿ, ನಾಲಗೆ ನೀಲಿ ಮಾಡಿಕೊಂಡು ತಿಂದ ಹಣ್ಣು. ಅದರ ತಾಯಿಯನ್ನು ಈಗ ತಾನೇ ನೋಡುತ್ತಿದ್ದರು. ಎರಡನೆಯದನ್ನು ಸಾಗವಾನಿ ಎಂದರು, ಅತ್ತಿ ಎಂದಾಯಿತು. ಮೂರನೆಯದನ್ನು, ಭಯದಿಂದ, ಬೇವು ಎಂದರು. ಹೊಂಗೆ.

“ಚಾಚಾ ಕಾ ಆ್ಯಪ್ ಹ್ಯಾಂಗ್ ಹೋ ಗಯಾ,” ಎಂದ ಅಮೋಲ್.

ಶ್ರಾವ್ಯಾ ನಗಲಿಲ್ಲ. “ಮೊದಲ ದಿನ ಅಲ್ವಾ ಅಂಕಲ್,” ಎಂದು ನೀರಿನ ಬಾಟಲಿ ಚಾಚಿದಳು. ಆ ದಯೆ ಅಮೋಲನ ನಗೆಗಿಂತ ಹೆಚ್ಚು ಚುಚ್ಚಿತು. ಹಕೀಮರು ಮಂಡಿಯನ್ನು ಎರಡೂ ಕೈಯಿಂದ ಹಿಡಿದು, “ಕಾಲು ಸೆಳೀಲಿಕ್ಕೆ ಹತ್ಯಾದ” ಎಂದು ಕುಂಟುತ್ತ ಇಳಿದರು. ಇಳಿಯುವಾಗ ಯಾವ ಕಾಲು ಎಂಬುದು ಮರೆತು, ಅರ್ಧ ದಾರಿಯಿಂದ ಇನ್ನೊಂದು ಕಾಲು ಕುಂಟಿತು.

ಮುಂದಿನ ಎರಡು ಭಾನುವಾರ ಅವರು ಚಾದರ ಹೊದ್ದು ಮಲಗಿದರು. ಎರಡನೆಯ ಭಾನುವಾರ ದೌಲತಬಿ ಮಿಷಿನ್ ನಿಲ್ಲಿಸಿದಳು.

“ಏ ಜೀ, ಯಾವ ಕಾಲು ನೋಯಾಕ ಹತ್ಯಾದ, ಖರೇ ಹೇಳ್ರಿ. ಮುಂಜಾನೆ ಬಲಗಾಲಿಗೆ ಎಣ್ಣಿ ಹಚ್ಚೀನಿ, ಈಗ ಎಡಗಾಲು ಹಿಡಕೊಂಡೀರಿ.”

ಹೇಳಲೇಬೇಕಾಯಿತು. ಮರ, ಗಿಡ, ಝಾಡ್, ನೇರಳೆ, ಎಲ್ಲ. ದೌಲತಬಿ ಮೊದಲು ಸೂಜಿಗೆ ದಾರ ಪೋಣಿಸುತ್ತ ಕೇಳಿದಳು. ‘ಬೀಟಿ’ ಎಂಬಲ್ಲಿಗೆ ಬಂದಾಗ ಸೆರಗು ಬಾಯಿಗೆ ಹೋಯಿತು. ‘ಬೇವು’ ಎಂಬಲ್ಲಿಗೆ ಅವಳು ಸೀರೆಗಳ ರಾಶಿಯ ಮೇಲೆ ಒರಗಿ, ಕಣ್ಣೀರು ಬರುವವರೆಗೆ ನಕ್ಕಳು.

“ಯಾ ಅಲ್ಲಾ! ರೋಣದ ಮನಶ್ಯಾ ಬೇವಿನ ಗಿಡಾನೂ ಮರತಾನಲ್ಲ!”

“ನಗಬ್ಯಾಡ. ನನ್ನ ಹೆಸರು ಹೋಗ್ತದ.”

“ಹೆಸರು ಹೋದ್ರ ಹೋಗ್ಲಿ. ಹುಡಿಗಿ ಪಾಪ ಪೆನ್ನು ಹಿಡಕೊಂಡು ಕುಂತಿರ್ತಾಳ. ಮುಂದಿನ ಐತವಾರ ಹೋಗಿ ನಿಮ್ಮ ಬಾಯಿಲೇ ಹೇಳಿ ಬರ್ರಿ, ನನಗ ಗಿಡ ಗೊತ್ತಿಲ್ಲ ಅಂತ.”

“ಶೆಟ್ರ ಕೈಯಾಗ ಹೇಳಿ ಕಳಸ್ತೀನಿ.”

“ನಕ್ಕೋ, ಅದೆಲ್ಲಾ ಬ್ಯಾಡ! ಮಾತು ಕೊಟ್ಟ ಬಾಯಿ ಯಾವುದು? ಅದಾ ಬಾಯಿ ಹೇಳ್ಬೇಕು.”

ಒಂದು ವಾರ ಹಕೀಮರು ಆ ಮೂರು ಪದಗಳನ್ನು ಅಭ್ಯಾಸ ಮಾಡಿದರು. ಕನ್ನಡಿಯ ಮುಂದೆ ಹೇಳಿದರು. ಬಚ್ಚಲಲ್ಲಿ ಸ್ನಾನ ಮಾಡುವಾಗ ಹೇಳಿದರು. ಭಾನುವಾರ ಜುಬ್ಬದ ಇಸ್ತ್ರಿ ಇಲ್ಲದೆ, ಈದ್ ಟೋಪಿ ಇಲ್ಲದೆ, ದೌಲತಬಿ ಕಟ್ಟಿಕೊಟ್ಟ ರೊಟ್ಟಿ, ಪುಂಡಿಪಲ್ಯದ ಡಬ್ಬಿ ಹಿಡಿದು ಹೊರಟರು. ಉಳಿ ಮಾತ್ರ ಜೇಬಿನಲ್ಲಿತ್ತು; ಅದನ್ನು ತೆಗೆದಿಡಲು ಅವರಿಗೆ ನೆನಪಾಗಲಿಲ್ಲ.

ಈ ಸಲ ತೊರೆಯ ಹತ್ತಿರ ಯಾರೂ ಇರಲಿಲ್ಲ. ಕೆಳಗಿನ ಹಸಿರು ಮರಗಳ ಎಣಿಕೆ ಮುಗಿದು ತಂಡ ಮೇಲಿನ ಒಣ ಇಳಿಜಾರಿಗೆ ಹೋಗಿತ್ತು. ಏದುಸಿರು ಬಿಡುತ್ತ ಹತ್ತಿದ ಮೌಲಾಲಿ ಬೆರಗಾಗಿ ನಿಂತರು. ಮಾರ್ಚ್ ತಿಂಗಳ ಮಧ್ಯ. ಮುಂಬಯಿಯ ಗುಡ್ಡಗಳು ಮಳೆಗಾಲದಲ್ಲಿ ಎಷ್ಟು ಶೃಂಗಾರ ಮಾಡಿಕೊಳ್ಳುತ್ತವೋ ಬೇಸಿಗೆಯಲ್ಲಿ ಅಷ್ಟೇ ನಿರ್ದಾಕ್ಷಿಣ್ಯವಾಗಿ ಎಲ್ಲವನ್ನೂ ಕಳಚಿಡುತ್ತವೆ. ಒಂದು ಎಲೆಯೂ ಇಲ್ಲ. ಇಳಿಜಾರಿನ ತುಂಬ ಬರೀ ಕಾಂಡ, ಬರೀ ಕೊಂಬೆ.

ಬಂಡೆಯ ಮೇಲೆ ಶ್ರಾವ್ಯಾ ಗಲ್ಲಕ್ಕೆ ಕೈಕೊಟ್ಟು ಕೂತಿದ್ದಳು. ಹಾಳೆಯಲ್ಲಿ ನಂಬರುಗಳ ಸಾಲಿತ್ತು, ಎದುರಿನ ಹೆಸರಿನ ಜಾಗವೆಲ್ಲ ಖಾಲಿ. ಅಮೋಲ್ ಒಂದು ಬೋಳು ಕಾಂಡದ ಮುಂದೆ ಮೊಬೈಲನ್ನು ಎತ್ತಿ, ಇಳಿಸಿ, ತಿರುಗಿಸಿ ನೋಡುತ್ತಿದ್ದ. ಮೊಬೈಲು ಪ್ರತಿ ಸಲವೂ ಇಂಗ್ಲಿಷಿನಲ್ಲಿ, ಬಹಳ ಸಭ್ಯವಾಗಿ, ದಯವಿಟ್ಟು ಎಲೆ ತೋರಿಸಿ ಎನ್ನುತ್ತಿತ್ತು.

“ಬೇಟಿ, ನಾ ಒಂದು ಮಾತು ಹೇಳಾಕ ಬಂದೀನಿ,” ಎಂದರು ಮೌಲಾಲಿ.

“ಅಂಕಲ್! ಕಾಲು ಹೇಗುಂಟು? ಮೊದಲು ಕೂತ್ಕೊಳ್ಳಿ, ಪ್ಲೀಸ್.”

ಕಳೆದ ಮಳೆಗಾಲದಲ್ಲಿ ಮುರಿದು ಬಿದ್ದ, ತೊಡೆಗಾತ್ರದ ಕೊಂಬೆಯೊಂದು ಅಲ್ಲಿತ್ತು. ಅದರ ಮೇಲೆ ಕೂತರು. ಗಂಟಲಲ್ಲಿ ಆ ಮೂರು ಪದಗಳು ಸಾಲಾಗಿ ನಿಂತಿದ್ದವು. ಎಲ್ಲಿಂದ ಶುರು ಮಾಡಬೇಕೆಂದು ಯೋಚಿಸುತ್ತಿರುವಾಗ, ಚಿಂತೆಯಲ್ಲಿ ಜಪಮಣಿ ಎಣಿಸುವವರಂತೆ, ಕೈ ತನ್ನಷ್ಟಕ್ಕೆ ಜೇಬಿಗೆ ಹೋಗಿ, ಉಳಿ ತೆಗೆದು, ಕೊಂಬೆಯ ಮುರಿದ ತುದಿಯಿಂದ ಒಂದು ಚಕ್ಕೆ ಎಬ್ಬಿಸಿತು. ಬೆರಳು ಅದನ್ನು ಮೂಗಿಗೆ ಒಯ್ದಿತು.

“ಬಿಬ್ಲಾ,” ಎಂದಿತು ಮೂಗು.

“ಏನು ಅಂಕಲ್?”

“ಬಿಬ್ಲಾ ಐತಿ ಇದು. ನಿಮ್ಮ ಕಡೆ ಹೊನ್ನಿ ಅಂತಾರಲ್ಲ. ತಡಿ.” ಹಕೀಮರು ಅಮೋಲನ ಕೈಯಿಂದ ನೀರಿನ ಬಾಟಲಿಯನ್ನು ಕಸಿದುಕೊಂಡು, ನಡುಗಟ್ಟಿಗೆಯ ನಾಲ್ಕು ಚಕ್ಕೆ ಅದರೊಳಗೆ ಹಾಕಿದರು. ಅದು ಆ ಹನ್ನೆರಡು ಜೇಬುಗಳ ಪೈಕಿ ಒಂದರಲ್ಲಿ ಭದ್ರವಾಗಿ ಇಡುತ್ತಿದ್ದ, ಯಾವುದೋ ದುಬಾರಿ ಬಾಟಲಿ. “ಅರೇ ಚಾಚಾ!” ಎಂದು ಅಮೋಲ್ ಕೂಗುವುದರೊಳಗೆ ನೀರು ತೆಳು ಚಹಾದ ಬಣ್ಣಕ್ಕೆ ತಿರುಗಿತು. ಮೌಲಾಲಿ ಅದನ್ನು ಬಿಸಿಲಿಗೆ ಎತ್ತಿ ಹಿಡಿದರು. ಬಾಟಲಿಯ ಅಂಚಿನಲ್ಲಿ ನವಿಲಿನ ಕೊರಳಿನಂಥ ನೀಲಿ ಮಿನುಗಿತು.

ಆಮೇಲೆ ಶ್ರಾವ್ಯಾ ಎದ್ದು ಪಕ್ಕದ ಮರಕ್ಕೆ ಓಡಿದಳು. ಕೊಂಬೆ ಬಿದ್ದದ್ದು ಅದರಿಂದ. ತೊಗಟೆಯ ಬಿರುಕಿನಲ್ಲಿ ಒಣಗಿದ ಕೆಂಪು ಅಂಟು ಇತ್ತು. ಬುಡದಲ್ಲಿ ತರಗೆಲೆ ಕೆದಕಿದಳು. ದುಂಡನೆಯ, ರೆಕ್ಕೆಯಿರುವ ಕಾಯಿಯೊಂದು ಸಿಕ್ಕಿತು.

“ಹೊನ್ನೆಯೇ! ಅಂಕಲ್, ಈ ಟೇಕಡಿಯ ಹಳೆ ಲಿಸ್ಟ್‌ನಲ್ಲಿ ಹೊನ್ನೆ ಇರಲೇ ಇಲ್ಲ!”

ಮೌಲಾಲಿಗೆ ಆ ಸಂತೋಷ ಅರ್ಥವಾಗಲಿಲ್ಲ. ಅವರು ಅವಳು ಕೈ ತೋರಿಸಿದ ಕಡೆ ನೋಡುತ್ತಿದ್ದರು.

“ಇದು... ಬಿಬ್ಲಾ? ಈ ನಿಂತದ್ದು?”

“ಹೌದಲ್ಲ.”

ಅವರು ಎದ್ದು ಹತ್ತಿರ ಹೋದರು. ಅಂಗೈಯನ್ನು ಮೆಲ್ಲಗೆ, ಗುರುತಿಲ್ಲದ ದೊಡ್ಡಮನುಷ್ಯರ ಮೈ ಮುಟ್ಟುವಂತೆ, ತೊಗಟೆಯ ಮೇಲಿಟ್ಟರು. ಎಷ್ಟು ಬಿಬ್ಲಾ ಕೊಯ್ದಿರಬಹುದು ಅವರು? ಎಷ್ಟು ಹೋಟೆಲಿನ ಕುರ್ಚಿಯ ಕಾಲು, ಎಷ್ಟು ಬಾಗಿಲ ಚೌಕಟ್ಟು?

“ಇದಕ್ಕ ಹೂವು ಬರ್ತಾವೇನವ್ವಾ?”

“ಬರ್ತದೆ. ಹಳದಿ. ಮರ ತುಂಬ.”

“ವಾಸನಿ?”

“ಒಳ್ಳೆ ಪರಿಮಳ ಉಂಟು ಅಂಕಲ್.”

“ನೋಡು,” ಎಂದರು ಅವರು ಮರಕ್ಕೋ ಅವಳಿಗೋ. “ನಲವತ್ತೆಂಟು ವರ್ಷದಾಗ ಒಬ್ಬರೂ ನನಗ ಹೇಳಲಿಲ್ಲ.”

ಆಮೇಲೆ ಆ ಇಳಿಜಾರಿನಲ್ಲಿ ನಡೆದದ್ದು ದಿಗ್ವಿಜಯ. ಜೀವಂತ ಮರಕ್ಕೆ ಉಗುರೂ ತಾಗಿಸಬಾರದೆಂಬುದು ಶ್ರಾವ್ಯಾಳ ಕಟ್ಟಾಜ್ಞೆ, ಬೇಕಾಗಲೂ ಇಲ್ಲ. ಪ್ರತಿ ಮರದ ಬುಡದಲ್ಲೂ ಅದರದೇ ಒಣಕೊಂಬೆ ಬಿದ್ದಿತ್ತು. ಅಮೋಲ್ ಅದನ್ನು ಆಯ್ದು ತರುವನು, ಹಕೀಮರು ಕೆತ್ತಿ ಮೂಸುವರು, ಒಮ್ಮೊಮ್ಮೆ ನೆಕ್ಕುವರು, ಹೆಸರು ನುಡಿಯುವರು, ಶ್ರಾವ್ಯಾ ತೊಗಟೆಯನ್ನೂ ಬಿದ್ದ ಕಾಯಿಯನ್ನೂ ನೋಡಿ ಹೌದೆಂದು ಬರೆಯುವಳು. ಮೊಸಳೆಯ ಬೆನ್ನಿನಂಥ ತೊಗಟೆಯದು ಮತ್ತಿ. ಅರಿಶಿನದ ಬಣ್ಣದ ಕಟ್ಟಿಗೆಯದು ಹೆದ್ದಿ. “ಇದು ದಿಂಡಲ, ಕೊಡಲಿ ಕಾವಿಗೆ ಇದರಂಥಾದ್ದು ಇಲ್ಲ. ಕೊಡಲಿಗೆ ತನ್ನ ಕಾಲು ತಾನಾ ಕೊಟ್ಟೈತಿ, ಹುಚ್ಚು ಖೋಡಿ,” ಎಂದು ಒಂದು ಮರವನ್ನು ಬೈದರು. ಎಲ್ಲಿಯೂ ಸೋಲಿಲ್ಲವೆಂದಲ್ಲ. ಮೂರು ಬೇರೆ ಬೇರೆ ಮರಗಳಿಗೆ “ಜಲಾವು” ಎಂದರು. ಅಮೋಲ್ ಭಕ್ತಿಯಿಂದ ‘ಜಲಾವು ಒಂದು, ಜಲಾವು ಎರಡು, ಜಲಾವು ಮೂರು’ ಎಂದು ಬರೆದುಕೊಂಡ. ಜಲಾವು ಎಂದರೆ ಒಲೆಗೆ ಹಾಕುವ ಸೌದೆ, ಮಿಲ್ಲಿನವರು ಮಾರಲಾಗದ ಕಟ್ಟಿಗೆಗೆಲ್ಲ ಇಡುವ ಹೆಸರು ಎಂದು ತಿಳಿದದ್ದು ಆಮೇಲೆ.

ಮಧ್ಯಾಹ್ನದ ಹೊತ್ತಿಗೆ ಹಾಳೆ ತುಂಬಿತು. ಬಂಡೆಯ ಮೇಲೆ ಡಬ್ಬಿ ಬಿಚ್ಚಿದರು. ಅಮೋಲ್ ಪುಂಡಿಪಲ್ಯವನ್ನು ಎರಡನೆಯ ಸಲ ಹಾಕಿಸಿಕೊಳ್ಳುತ್ತ, “ಚಾಚಾ, ಆಪ್ ಗ್ರೇಟ್ ಹೋ” ಎಂದ.

“ಅಂಕಲ್, ರಿಪೋರ್ಟ್‌ನಲ್ಲಿ ನಿಮ್ಮ ಹೆಸರು ಹಾಕ್ತೇನೆ,” ಎಂದಳು ಶ್ರಾವ್ಯಾ. “ಮತ್ತೆ ಜುಲೈಯಲ್ಲಿ ಟ್ರೇಲ್ ಓಪನ್ ಆಗುವಾಗ ಜನರನ್ನು ನೀವೇ ಕರ್ಕೊಂಡು ಹೋಗಿ ತೋರಿಸ್ಬೇಕು.”

ರೊಟ್ಟಿಯ ತುಣುಕು ಹಕೀಮರ ಬಾಯಲ್ಲೇ ನಿಂತಿತು. ವರದಿಯಲ್ಲಿ ಹೆಸರು. ಚಾಳಿಗೆಲ್ಲ ತೋರಿಸಬಹುದಾದ, ಅಚ್ಚಾದ ಹೆಸರು. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಸಿಂಹಾಸನ ಮತ್ತೆ ತಮ್ಮದೇ. ಮೊದಲ ದಿನದ ನೇರಳೆಯನ್ನು ಯಾರು ನೆನಪಿಟ್ಟಾರು? ಕಾಲುನೋವಿನ ಮೇಲೆ ಹಾಕಬಹುದು. ಜುಲೈ ಎಂದರೆ ಮಳೆ, ಎಲೆ... ಅದು ಆಗ ನೋಡಿಕೊಂಡರಾಯಿತು.

ಹುಡುಗಿ ಪೆನ್ನಿನ ಮುಚ್ಚಳ ತೆಗೆದು, ಹೆಸರಿನ ಸ್ಪೆಲಿಂಗ್ ಕೇಳಲು ಅವರ ಮುಖ ನೋಡುತ್ತಿದ್ದಳು.

“ಬೇಟಿ,” ಎಂದರು. “ನನಗ ಗಿಡ ಗೊತ್ತಿಲ್ಲ.”

“ಹೌದು ಅಂಕಲ್, ಅವತ್ತೇ ಹೇಳಿದ್ರಿ. ಗಿಡ ನಮಗೆ ಬೇಡ.”

“ಬ್ಯಾಡಂದ್ರ ಹೆಂಗವ್ವಾ? ಸುತ್ತಾಮುತ್ತಾ ಇರೂದೆಲ್ಲಾ ಗಿಡಾನ ಅಲ್ಲೇನು?”

“ಇವೆಲ್ಲ ಮರ.”

“ಅಲ್ಲಾ! ಇದು ಮರ,” ಎಂದು ಅವರು ಕೂತ ಕೊಂಬೆಯನ್ನು ಗುದ್ದಿದರು. “ಅದು ಗಿಡ,” ಎಂದು ಹೊನ್ನೆಯನ್ನು ತೋರಿಸಿದರು. “ನನಗ ಸತ್ತದ್ದು ಗೊತ್ತು. ಜೀವ ಇದ್ದದ್ದು ಗೊತ್ತಿಲ್ಲ. ಎಲಿ ಬಂದ್ರ ನಾ ಕುರುಡ. ಅವತ್ತು ಕಾಲು ನೋವಿರಲಿಲ್ಲ, ಸುಳ್ಳು ಹೇಳಿದೆ. ಹೆಸರು ಬರೀಬ್ಯಾಡ.”

ಶ್ರಾವ್ಯಾ ಕೊಂಬೆಯನ್ನು ನೋಡಿದಳು, ಹೊನ್ನೆಯನ್ನು ನೋಡಿದಳು. ಬನ್ನು ಮಸ್ಕಾದ ಆ ಒಪ್ಪಂದ ಒಂದೊಂದೇ ಪದವಾಗಿ ಅವಳ ತಲೆಯಲ್ಲಿ ತಿರುಗಿ ಓಡಿರಬೇಕು. ಏಕೆಂದರೆ ಅವಳು ಒಮ್ಮೆಲೇ ಹಾಳೆಗಳನ್ನು ಮುಖಕ್ಕೆ ಮುಚ್ಚಿಕೊಂಡು ನಗತೊಡಗಿದಳು. ಹಿಂದಿಯಲ್ಲಿ ಅಮೋಲನಿಗೆ ವಿವರಿಸಲು ಎರಡು ಸಲ ಪ್ರಯತ್ನಿಸಿ, 'ಗಿಡ' ಎಂಬಲ್ಲಿ ಎರಡು ಸಲವೂ ಸೋತಳು. ಮೂರನೆಯದರಲ್ಲಿ ಅವನಿಗೆ ಅರ್ಥವಾಯಿತು.

“ಮತಲಬ್ ಚಾಚಾ ಪೋಸ್ಟ್‌ಮಾರ್ಟಂ ಕೇ ಡಾಕ್ಟರ್ ಹೈಂ!”

ಇದಕ್ಕೆ ಎಲ್ಲರಿಗಿಂತ ಜೋರಾಗಿ ನಕ್ಕವರು ಮೌಲಾಲಿ. ಮೂರು ವಾರಗಳಿಂದ ಎದೆಯ ಮೇಲಿದ್ದ ದಿಮ್ಮಿ ಉರುಳಿ ಹೋದಂತೆ, ಕೆಮ್ಮು ಬರುವವರೆಗೆ ನಕ್ಕರು.

“ಹೆಸರು ಹಾಕ್ತೇನೆ ಅಂಕಲ್,” ಎಂದಳು ಶ್ರಾವ್ಯಾ ಕಣ್ಣು ಒರೆಸಿಕೊಂಡು. “ನೀವು ಎಷ್ಟು ಗೊತ್ತು ಅಂತ ಹೇಳಿದ್ರೋ ಅಷ್ಟೇ ಹಾಕ್ತೇನೆ. ಜುಲೈಗೆ ಇನ್ನೂ ಮೂರು ತಿಂಗಳುಂಟು. ಎಲೆ ಒಂದೇ ಸಲ ಬರುವುದಿಲ್ಲ, ಒಂದೊಂದಾಗಿ ಬರ್ತದೆ. ನೀವೂ ಹಾಗೇ ಬನ್ನಿ.”

ಮಾರ್ಚ್ ಕೊನೆಗೆ ಸಲ್ಲಿಸಿದ ಇಂಗ್ಲಿಷ್ ವರದಿಯಲ್ಲಿ ಮರಗಳನ್ನು ಗುರುತಿಸಿದವರು ಶ್ರಾವ್ಯಾ ಶೆಟ್ಟಿ ಎಂದೂ, ಕಟ್ಟಿಗೆಯಿಂದ ಗುರುತಿಸಿದವರು ಮೌಲಾಲಿ ಎಂದೂ ಬೇರೆ ಬೇರೆಯಾಗಿ ಅಚ್ಚಾಯಿತು. ದೌಲತಬಿ ಆ ಪುಟವನ್ನು ಓದಲಾರಳು. ಆದರೂ ಚಾಳಿನಲ್ಲಿ ಇಂಗ್ಲಿಷ್ ಬಲ್ಲ ಪ್ರತಿಯೊಬ್ಬರಿಂದ ಒಂದೊಂದು ಸಲ ಓದಿಸಿ ಕೇಳಿದಳು.

ಏಪ್ರಿಲ್‌ನಿಂದ ಪ್ರತಿ ಭಾನುವಾರ ಹಕೀಮರು ಗುಡ್ಡ ಹತ್ತಿದರು. ಮೊದಲ ವಾರ ಬೋಳು ರೆಂಬೆಯ ತುದಿಯಲ್ಲಿ ಅಕ್ಕಿಕಾಳಿನಷ್ಟು ಮೊಗ್ಗು. ಮುಂದಿನ ವಾರ ಆಗ ತಾನೇ ಹುಟ್ಟಿದ ಮಗುವಿನ ಅಂಗೈಯಂತೆ ಸುಕ್ಕಾಗಿ, ಕೆಂಪಾಗಿ ಒಂದು ಎಲೆ. ಅದರ ಪಕ್ಕ ನಿಂತು, “ಇದು ಮತ್ತಿ. ಮತ್ತಿಯ ಎಲಿ ಹಿಂಗ” ಎಂದು ತಮಗೆ ತಾವೇ ಪಾಠ ಹೇಳಿಕೊಳ್ಳುತ್ತಿದ್ದರು. ಅರವತ್ತಾರನೆಯ ವಯಸ್ಸಿನಲ್ಲಿ ಅ ಆ ಇ ಈ. ನಡುನಡುವೆ ಮರೆಯುತ್ತಿತ್ತು. ಅಮೋಲ್ ಮೊಬೈಲು ತೆಗೆದರೆ, “ತಡಿಯೋ ಸಾಹೇಬ, ನೆನಸ್ಕೋತೀನಿ” ಎಂದು ಕೈ ಅಡ್ಡ ಹಿಡಿಯುತ್ತಿದ್ದರು.

ಜುಲೈಯ ಮೊದಲ ಭಾನುವಾರ ಕಾಲುದಾರಿ ತೆರೆಯಿತು. ಎಡೆಬಿಡದ ಮಳೆ. ಆದರೂ ನಲವತ್ತು ಕೊಡೆಗಳು ಬಂದಿದ್ದವು. ಚಾಳಿನ ಅರ್ಧ ಬಂದಿತ್ತು, ಎಲ್ಲರ ಮುಂದೆ ಹೊಸ ಚಪ್ಪಲಿ ಹಾಕಿ ಜಾರುತ್ತ ದೌಲತಬಿ. ಗುಡ್ಡ ಹಸಿರು ಹೊದ್ದು, ಯಾವ ಕಾಂಡ ಯಾರದೆಂದು ತಿಳಿಯದಷ್ಟು ಮುಚ್ಚಿಕೊಂಡಿತ್ತು. ಮೌಲಾಲಿ ಮತ್ತಿಯನ್ನು ತೋರಿಸಿದರು, ಹೆದ್ದಿಯನ್ನು ತೋರಿಸಿದರು. ಹೊನ್ನೆಯ ಮುಂದೆ ಸ್ವಲ್ಪ ಹೆಚ್ಚೇ ಹೊತ್ತು ನಿಂತರು.

ಮುಂದಿನ ತಿರುವಿನಲ್ಲಿ ಕನ್ನಡಕದ ಹೆಂಗಸೊಬ್ಬರು ಒಂದು ಮರದ ಹತ್ತಿರ ನಿಂತು ಕನ್ನಡದಲ್ಲೇ ಕೇಳಿದರು. “ಇದು ಯಾವುದು ಹಕೀಮರೇ?”

ಮೌಲಾಲಿ ಎಲೆ ನೋಡಿದರು. ತಿರುಗಿಸಿ ನೋಡಿದರು. ಒದ್ದೆ ತೊಗಟೆಗೆ ಮೂಗು ಹಚ್ಚಿದರು. ಮಳೆಯ ವಾಸನೆ ಬಿಟ್ಟು ಏನೂ ಇಲ್ಲ. ನಲವತ್ತು ಕೊಡೆಗಳು ಕಾದವು.

“ಗೊತ್ತಿಲ್ಲ್ರೀ,” ಎಂದರು ಅವರು, ನಗುತ್ತ. “ಇವರ ಪರಿಚಯ ಇನ್ನೂ ಆಗಿಲ್ಲ. ಬರ್ರಿ, ಮೇಡಂಗ ಕೇಳೂಣು. ನನಗೂ ತಿಳೀತದ.”

ಆ ಹೆಂಗಸನ್ನು ಕರೆದುಕೊಂಡು ಅವರು ಶ್ರಾವ್ಯಾ ನಿಂತಿದ್ದ ಕಡೆ ಹೊರಟರು. ಹಿಂದಿನಿಂದ ದೌಲತಬಿ ಚಾಳಿನ ಹೆಂಗಸರ ಕಡೆ ತಿರುಗಿದಳು. ಬೇರೆ ಹೆಂಡಂದಿರು ಗಂಡನಿಗೆ ಪ್ರಮೋಷನ್ ಆದದ್ದನ್ನು ಹೇಳುವ ದನಿ ಅದು.

“ಕೇಳಿದಿರೇನ್ರೇ?” ಎಂದಳು. “ಗೊತ್ತಿಲ್ಲಂತ!”